ಹೊಳೆಯ ಪ್ರಥಮ ಫಲ

ಬಿಂದಿಗೆಯ ತಳ ತೊಡೆಗೆ ತಣ್ಣಗೆ ಒತ್ತುತ್ತಿದೆ, ನೆರಿಗೆ ಒದ್ದೆಯಾಗಿದೆ, ಆಗಲಿ, ಒಗೆದರೆ ಹೋಗುತ್ತದೆ — ಹೋಗುತ್ತದೋ ಇಲ್ಲವೋ, ಈ ನೀರಿನ ನಾತ ಬಟ್ಟೆಗೆ ಹತ್ತಿದರೆ ಸುಮ್ಮನೆ ಬಿಡುವ ಜಾತಿಯದಲ್ಲ, ಹಳಸಿದ ಮಜ್ಜಿಗೆಯೂ ಕೊಳೆತ ಮೊಟ್ಟೆಯೂ ಕೂಡಿದಂಥ ನಾತ, ಮುಚ್ಚಿದ ಮುತ್ತುಗದ ಎಲೆಯ ಸಂದಿಯಿಂದಲೇ ಎದ್ದು ಹೆಂಗಸರ ಸಾಲನ್ನೆಲ್ಲ ಮಾತಾಡಿಸಿಕೊಂಡು ಬರುತ್ತಿದೆ, ಪಕ್ಕದ ಮಂಗಳಾ ಮೂಗಿಗೆ ಸೆರಗು ಹಿಡಿದು ಆಗಲೇ ಮೊಳದುದ್ದ ಆಚೆ ಸರಿದಿದ್ದಾಳೆ, ಸರಿಯಲಿ ಮಹಾರಾಯ್ತಿ, ಇನ್ನೊಂದಿಷ್ಟು ಸರಿದರೆ ಗೋಡೆ ಸಿಗುತ್ತದೆ, ಆಮೇಲೆ ಎಲ್ಲಿಗೆ ಹೋಗುತ್ತಾಳೆ. ಸುವಾರ್ತಮ್ಮ ಪ್ರಾರ್ಥನಾಲಯದ ಜಮಖಾನದ ಮೇಲೆ ಕಾಲು ಮಡಿಸಿ ಕೂತು ಬಿಂದಿಗೆಯ ಕಂಠವನ್ನು ಎರಡೂ ಕೈಯಲ್ಲಿ ಹಿಡಿದಿದ್ದಾಳೆ, ಅಲುಗಬಾರದು, ಬಾಯಿಮಟ್ಟ ತುಂಬಿ ತಂದಿದ್ದಾಳೆ, ಇವತ್ತು ಪ್ರಥಮ ಫಲದ ಹಬ್ಬ, ವರ್ಷದ ಮೊದಲ ಬೆಳೆಯನ್ನು ದೇವರ ಮುಂದಿಡುವ ದಿನ, ದೇವರಿಗೆ ಅರ್ಧ ಬಿಂದಿಗೆ ಕೊಡುವ ವಂಶದವಳಲ್ಲ ಅವಳು. ಎದುರಿಗೆ ಮೇಜಿನ ಸುತ್ತ ಸಭೆಯವರು ತಂದ ಬೆಳೆಯೆಲ್ಲ ರಾಶಿ ಬಿದ್ದಿದೆ, ಸುಲಿದ ಕಾಯಿ, ಕುಂಬಳ, ಮೊರದ ತುಂಬ ರಾಗಿ, ಅವರೆ, ಬಾಳೆಗೊನೆ, ಕಾಲು ಕಟ್ಟಿದ ಒಂದು ಹುಂಜ — ಪಾಸ್ಟರು ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗಲೆಲ್ಲ ಸರಿಯಾಗಿ ಅದು ಕೂಗುತ್ತದೆ, ಮಕ್ಕಳು ಕಿಸಕ್ಕೆನ್ನುತ್ತವೆ, ಅವಳಿಗೂ ನಗು ಬರಬೇಕಿತ್ತು, ಬರಲಿಲ್ಲ. ಗಂಡಸರ ಸಾಲಿನ ಮುಂದೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ರವಿಕಿರಣ್, ಅವಳ ಅಣ್ಣನ ಮಗ, ಸಭೆಯ ಹಿರಿಯರಲ್ಲಿ ಎಲ್ಲರಿಗಿಂತ ಕಿರಿಯ, ಹೊಳೆ ದಂಡೆಯ ತೆಂಗಿನಕಾಯಿ ಪುಡಿ ಫ್ಯಾಕ್ಟರಿಯ ಯಜಮಾನ, ತಲೆಯ ಮೇಲೆ ತಿರುಗುವ ಈ ಫ್ಯಾನುಗಳನ್ನು ಕೊಡಿಸಿದವನೂ ಅವನೇ, ಅವನು ಕೊಡಿಸಿದ ಫ್ಯಾನು ಅವನ ಹೊಳೆಯ ನಾತವನ್ನು ಸಭೆಗೆಲ್ಲ ಸಮನಾಗಿ ಹಂಚುತ್ತಿದೆ, ನ್ಯಾಯವಾಗಿಯೇ ಇದೆ. ಬಿಳಿ ಅಂಗಿ ತೊಟ್ಟಿದ್ದಾನೆ, ಅಷ್ಟು ಬಿಳಿ ಅಂಗಿಯನ್ನು ಯಾವ ನೀರಿನಲ್ಲಿ ಒಗೆಸುತ್ತಾನೋ, ಈ ಹೊಳೆಯಲ್ಲಂತೂ ಅಲ್ಲ. ಅವನು ಇನ್ನೂ ಈ ಕಡೆ ತಿರುಗಿ ನೋಡಿಲ್ಲ.

ಪಾಸ್ಟರು ಹೇಳುತ್ತಿದ್ದಾರೆ, ಪ್ರಿಯರೇ, ಈ ಲೋಕ ಅಳಿದುಹೋಗುವಂಥದ್ದು, ನಮ್ಮ ದೃಷ್ಟಿ ಪರಲೋಕದ ಮೇಲಿರಲಿ — ಇರಲಿ ಸ್ವಾಮಿ, ಬೇಡ ಅಂದವರು ಯಾರು, ಆದರೆ ಅಳಿದುಹೋಗುವ ಲೋಕ ಅಂತ ಈ ಊರಿನಲ್ಲಿ ಯಾರಾದರೂ ತೋಟಕ್ಕೆ ಬೇಲಿ ಹಾಕುವುದು ಬಿಟ್ಟಿದ್ದಾರೆಯೇ, ಕೊಬ್ಬರಿ ಅಟ್ಟಕ್ಕೆ ಬೀಗ ಹಾಕುವುದು ಬಿಟ್ಟಿದ್ದಾರೆಯೇ, ಹೊಳೆ ಅಂದ ಕೂಡಲೇ ಮಾತ್ರ ಎಲ್ಲರಿಗೂ ಪರಲೋಕ ನೆನಪಾಗುತ್ತದೆ. ಬೆಳಿಗ್ಗೆ ಸೋಪಾನದ ಕಲ್ಲಿನ ಮೇಲೆ ಕಾಲಿಟ್ಟರೆ ಜಾರುತ್ತಿತ್ತು, ನೀರಿನ ಮೇಲೆ ಗೇಣು ದಪ್ಪ ನೊರೆ, ಕೈಯಲ್ಲಿ ನೊರೆ ಸರಿಸಿ ಬಿಂದಿಗೆ ಅದ್ದಿದರೆ ಕೆಳಗೆ ಕಪ್ಪು ನೀರು, ಮೇಲಿನಿಂದ ದನ ಹೊಡೆದುಕೊಂಡು ಬರುತ್ತಿದ್ದ ಸಿದ್ದಕ್ಕ ನಿಂತುಬಿಟ್ಟಳು, ಏನ್ ಸುವಾರ್ತಕ್ಕಾ, ತಲೆ ಗಿಲೆ ಕೆಟ್ಟೈತಾ, ಈ ನೀರ್ ಯಾಕ್ ತುಂಬ್ಕೊಂತಿದೀಯ, ನಮ್ ದನಾನೇ ಮೂಸಲ್ಲ. ದೇವ್ರಿಗೆ ಕಣೇ, ದೇವ್ರ ಮುಂದೆ ಇಡಕ್ಕೆ. ಸಿದ್ದಕ್ಕ ಒಂದು ಗಳಿಗೆ ಅವಳ ಮುಖ ನೋಡಿದಳು, ನಿಮ್ ದೇವ್ರು ಸಮಾಧಾನದೋನು ಬುಡವ್ವ, ನಮ್ ಗಂಗಮ್ಮ ಇಷ್ಟೊತ್ತಿಗೆ ಯಾರ್ ಮೈಮೇಲಾದ್ರೂ ಬಂದು ಉಗೀತಿದ್ಲು, ಅಂತ ನಕ್ಕು, ಆಮೇಲೆ ನಗು ನಿಲ್ಲಿಸಿ, ನಿಮ್ ರವಿ ತಾನೇ ಈ ಗಲೀಜು ಬುಡ್ತಿರೋದು ಅಂದಳು. ನಿಮ್ ರವಿ. ಬೇರೆ ಯಾರ ಮಗನೋ ಮಾಡಿದ್ದರೆ ಮಣ್ಣು ತೂರಿ ಶಾಪ ಹಾಕಿ ಮನೆಗೆ ಬರಬಹುದಿತ್ತು, ನಮ್ಮವನು, ಬಾಣಂತಿಕೋಣೆಯಲ್ಲೇ ತಾಯಿ ಕಳೆದುಕೊಂಡವನನ್ನು ಎತ್ತಿಕೊಂಡು ಬಂದು ತನ್ನ ಪರಮೇಶನ ಜೊತೆ ಒಂದೇ ತೊಟ್ಟಿಲಲ್ಲಿ ಹಾಕಿ ತಾನೇ ಸಾಕಿದ ಹುಡುಗ, ಬೈಗುಳ ಬಾಯಿಗೆ ಬಂದು ಅಲ್ಲೇ ಕೂತುಬಿಡುತ್ತದೆ. ಬಿಂದಿಗೆ ಹೊತ್ತು ಮನೆ ಮುಂದೆ ಹಾದುಬರುವಾಗ ಪರಮೇಶ ಬಾಗಿಲಿಗೆ ಅಡ್ಡ ನಿಂತಿದ್ದ, ಅವಳ ಸ್ವಂತ ಮಗ, ಅದೇ ಫ್ಯಾಕ್ಟರಿಯಲ್ಲಿ ಸೂಪರ್ವೈಸರ್, ಅವ್ವಾ ಬ್ಯಾಡ ಕಣವ್ವ, ನಾಳೆ ರವಿ ಭಾವ ನನ್ನ ಗೇಟೊಳಕ್ಕೆ ಬಿಡ್ತಾನಾ, ಇಬ್ರು ಮಕ್ಳು ಅವೆ, ನೀನ್ ಒಬ್ಳೇ ಹೊಳೆ ಉದ್ಧಾರ ಮಾಡ್ತೀಯಾ. ಅವಳೆಂದಳು, ನಿನ್ ಕೆಲ್ಸ ಹೋದ್ರೆ ತೋಟದಲ್ಲಿ ಕಾಯಿ ಕೀಳ್ತೀಯ, ಹೊಳೆ ಹೋದ್ರೆ ಏನ್ ಕೀಳ್ತೀಯಪ್ಪ. ಅಂದದ್ದೇನೋ ಅಂದಳು, ಅವನು ಆರಾಧನೆಗೂ ಬಂದಿಲ್ಲ, ತಿಂಡಿಯ ತಟ್ಟೆ ಹಾಗೇ ಬಿಟ್ಟು ಬಾಗಿಲಿಗೆ ಎದ್ದು ಬಂದಿದ್ದ, ಹೊಟ್ಟೆ ಉರಿಯುತ್ತದೆ, ಹೆತ್ತ ಹೊಟ್ಟೆ, ಅದಕ್ಕೇನು ನ್ಯಾಯ ಗೊತ್ತು. ಅವಳು ಬಿಂದಿಗೆಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಮೊದಮೊದಲು ಯಾರಿಗೂ ಏನೂ ಅನ್ನಿಸಿರಲಿಲ್ಲ, ಅದೇ ತಮಾಷೆ, ಇಂಥ ತಪ್ಪು ಮಾಡುವುದಕ್ಕೆ ತೆಂಗಿನ ಸೀಮೆಯವರೇ ಆಗಬೇಕು — ಚರಂಡಿಯಲ್ಲಿ ಬಂದದ್ದು ಬಣ್ಣವಲ್ಲ, ಆಸಿಡ್ಡಲ್ಲ, ಕಾಯಿ ನೀರು, ಬರೀ ಕಾಯಿ ನೀರು, ತಿಪಟೂರಿನ ಕಡೆಯಿಂದ ಲಾರಿಗಟ್ಟಲೆ ಬರುವ ಕಾಯಿಯನ್ನು ಒಡೆದು, ತಿರುಳು ತೊಳೆದು, ಪುಡಿ ಮಾಡಿ, ಉಳಿದ ನೀರೆಲ್ಲ ಹೊಳೆಗೆ. ಕಾಯಿ ನೀರು ಅಂದರೆ ಜ್ವರದವನ ಬಾಯಿಗೆ ಬಿಡುವುದು, ಬಿಸಿಲಿನಿಂದ ಬಂದ ನೆಂಟನ ಕೈಗೆ ಕೊಡುವುದು, ಅದು ಹೊಳೆ ಕೆಡಿಸುತ್ತದೆ ಅಂದರೆ ತಾಯಿಹಾಲು ಮಗು ಕೊಲ್ಲುತ್ತದೆ ಅಂದ ಹಾಗೆ ಜನ ನಗುತ್ತಿದ್ದರು, ಮೇಲಿನ ಕೇರಿಯವರು ದಿನಾ ಗಂಗಮ್ಮನಿಗೆ ಕಾಯಿ ಒಡೆದ ಪುಣ್ಯ ಬಂತು ಬಿಡ್ರಿ ಅಂದರು, ಸಭೆಯವರು ಫ್ಯಾಕ್ಟರಿ ಶುರುವಾದ ದಿನ ಚರಂಡಿಯ ಬಾಯಿಗೇ ನಿಂತು ಕೈಚಾಚಿ ಆಶೀರ್ವಾದದ ಪ್ರಾರ್ಥನೆ ಮಾಡಿ ಬಂದರು. ಒಂದು ಲೋಟ ಕಾಯಿ ನೀರನ್ನು ಒಂದು ಹಗಲು ಮರೆತಿಟ್ಟರೆ ಏನಾಗುತ್ತದೆ ಅಂತ ಈ ಸೀಮೆಯ ಯಾವ ಹೆಂಗಸಿಗೆ ಗೊತ್ತಿಲ್ಲ, ಎಲ್ಲರಿಗೂ ಗೊತ್ತಿತ್ತು, ಲೋಟದಲ್ಲಿ ಗೊತ್ತಿತ್ತು, ಹೊಳೆಯಲ್ಲಿ ಗೊತ್ತಾಗಲಿಲ್ಲ. ಮೀನು ಹೊಟ್ಟೆ ಮೇಲೆ ಮಾಡಿಕೊಂಡು ತೇಲಿದವು, ಬಟ್ಟೆ ಒಗೆದ ಕೈಗೆ ಕಜ್ಜಿ ಎದ್ದಿತು, ದಂಡೆಯ ಬಾವಿಗಳು ಒಂದೊಂದಾಗಿ ಹುಳಿಯಾದವು, ಆಗ ಕೇಳಲು ಹೋದವಳಿಗೆ ಇದೇ ರವಿ ಎಸಿ ರೂಮಿನಲ್ಲಿ ಕೂರಿಸಿ ಕಾಫಿ ತರಿಸಿ ಹೇಳಿದ, ಅತ್ತೆ, ಅದೇನು ವಿಷ ಅಲ್ಲ ಕಣತ್ತೆ, ಕಾಯಿ ನೀರು, ಒಂದ್ ಮಳೆ ಬಂದ್ರೆ ತೊಳ್ಕೊಂಡ್ ಹೋಗುತ್ತೆ. ಎಲ್ಲಿಗೆ ಹೋಗುತ್ತೆ ಅಂದಳು. ಕೆಳಕ್ಕೆ ಅಂದ. ಕೆಳಗೆ ಊರಿಲ್ಲವೇ, ಅಲ್ಲಿ ಯಾರ ಅತ್ತೆಯೂ ಇಲ್ಲವೇ. ನೀರು ಸೋಸುವ ತೊಟ್ಟಿ ಕಟ್ಟಿಸಿದ್ದಾನೆ, ಸುಳ್ಳಲ್ಲ, ಪರಮೇಶನೇ ಬಾಯಿಬಿಟ್ಟ, ಅಧಿಕಾರಿಗಳ ಜೀಪು ಬಂದರೆ ಅದರ ಮೋಟಾರು ಗರಗರ ತಿರುಗುತ್ತದಂತೆ, ಜೀಪು ದಬ್ಬೇಘಟ್ಟದ ರಸ್ತೆಗೆ ತಿರುಗಿತೋ ಇಲ್ಲವೋ ಮೋಟಾರು ಬಂದ್, ಕರೆಂಟ್ ಬಿಲ್ಲು ಯಾರ್ ಕಟ್ತಾರೆ. ಗೊತ್ತಿಲ್ಲದೆ ಮಾಡಿದ್ದನ್ನು ದೇವರು ಮನ್ನಿಸುತ್ತಾನೆ, ಅವಳಿಗೆ ಅದರಲ್ಲಿ ಅನುಮಾನವೇ ಇಲ್ಲ, ಗೊತ್ತಾದ ಮೇಲೂ ಸ್ವಿಚ್ಚು ಆರಿಸುವ ಬೆರಳು ಇದೆಯಲ್ಲ, ಅದಕ್ಕೆ ಏನು ಹೇಳುವುದು. ಪಾಸ್ಟರ ಮಾತು ಇನ್ನೂ ಮೋಡದ ಮೇಲೇ ಇತ್ತು.

ತೋಟ ಅಂದರೆ ಈ ಜನಕ್ಕೆ ಬಿಡಿಸಿ ಹೇಳಬೇಕೇ, ದೇವರು ಮೊದಲ ಮನುಷ್ಯನನ್ನು ಮಾಡಿ ಎಲ್ಲಿಟ್ಟ, ದೇವಾಲಯದಲ್ಲಿಟ್ಟನೇ, ತೋಟದಲ್ಲಿಟ್ಟ, ಹೊಳೆ ಹರಿಯುವ ತೋಟದಲ್ಲಿ, ಉಳು ಅಂದ, ಕಾಯು ಅಂದ, ಉಳುವುದನ್ನು ಎಲ್ಲರೂ ಕಲಿತರು, ಕಾಯುವ ಮಾತು ಬಂದಾಗ ಎಲ್ಲರಿಗೂ ಬೇರೆ ಕೆಲಸ ಬಂತು. ಪಾಸ್ಟರಿಗೆ ಇದನ್ನೇ ಹೋದ ವಾರ ಕೇಳಿದ್ದಳು, ಅವರು ಕೈ ಮುಗಿದಂತೆ ಮಾಡಿ, ಅಮ್ಮಾ, ನಾವು ಊರಲ್ಲಿ ನಾಲ್ಕು ಮನೆ ಜನ, ನಮ್ಮೊಳಗೇ ಕಿತ್ತಾಡಿದರೆ ಊರವರು ಏನಂತಾರೆ, ಪ್ರಾರ್ಥನೆಯಲ್ಲಿ ಇಡೋಣ ಅಂದರು. ಊರವರು ಅನ್ನುವುದನ್ನು ಆಗಲೇ ಅನ್ನುತ್ತಿದ್ದಾರೆ ಪಾಸ್ಟರೇ, ನಿಮ್ಮ ಕಿವಿಗೆ ಬಿದ್ದಿಲ್ಲ ಅಷ್ಟೆ, ಪ್ರಾರ್ಥನೆಯಲ್ಲಿ ಇಡೋಣ ಅಂದಿರಲ್ಲ, ಇಡುತ್ತೇನೆ, ಬಿಂದಿಗೆ ಸಮೇತ ಇಡುತ್ತೇನೆ. ಆ ಹೊಳೆಯಲ್ಲೇ ಅಲ್ಲವೇ ಈ ಸಭೆ ಹುಟ್ಟಿದ್ದು, ಅವಳು ಮುಳುಗಿ ಎದ್ದದ್ದು ಅಲ್ಲೇ, ಅಣ್ಣ ಎದ್ದದ್ದು ಅಲ್ಲೇ, ರವಿ — ಮೀಸೆ ಇನ್ನೂ ಚಿಗುರುತ್ತಿದ್ದ ಹುಡುಗ, ಹಿಂದಿನ ಪಾಸ್ಟರು ಅವನ ನೆತ್ತಿಯ ಮೇಲೆ ಕೈಯಿಟ್ಟು ಹಿಂದಕ್ಕೆ ಬಾಗಿಸಿ ಮುಳುಗಿಸಿದರು, ತಾಯಿ ಜಾಗದಲ್ಲಿ ಸೊಂಟದುದ್ದ ನೀರಿನಲ್ಲಿ ಟವೆಲ್ಲು ಹಿಡಿದು ನಿಂತವಳು ಸುವಾರ್ತಮ್ಮ, ಕಾಲ ಬೆರಳಿನ ಸಂದಿಯಲ್ಲಿ ಮೀನು ಮುತ್ತುತ್ತಿದ್ದವು, ಅವನು ಎದ್ದ, ಕೂದಲಿಂದ ಹಣೆಗೆ, ಹಣೆಯಿಂದ ಮೂಗಿಗೆ ನೀರು ಧಾರೆಯಾಗಿ ಇಳಿಯುತ್ತಿತ್ತು, ಕಣ್ಣು ಮುಚ್ಚಿತ್ತು, ಬಾಯಿ ಮಾತ್ರ ಅಗಲ ತೆರೆದಿತ್ತು, ಗುಟುಕರಿಸಿ ಕುಡಿದೇಬಿಟ್ಟ, ಅತ್ತೇ, ನೀರು ಸಿಹಿ ಐತೆ ಅಂದ, ದಂಡೆಯ ಮೇಲೆ ನಿಂತು ಹಾಡುತ್ತಿದ್ದ ಸಭೆಯೆಲ್ಲ ಹಾಡು ಬಿಟ್ಟು ನಕ್ಕಿತು, ಪಾಸ್ಟರು ಶ್ ಅಂದು ತಾವೂ ನಕ್ಕರು. ಆ ಬಾಯಿ, ತೆರೆದ ಬಾಯಿ, ಅವಳು ಎಷ್ಟೋ ಸಲ ಒಲೆ ಮುಂದೆ ಕೂತಾಗ ಅದನ್ನೇ ನೋಡುತ್ತಾಳೆ. ಈಗ ಸಭೆಗೆ ದೀಕ್ಷಾಸ್ನಾನಕ್ಕೆ ಟೈಲ್ಸ್ ಹಾಕಿದ ತೊಟ್ಟಿ ಬಂದಿದೆ, ಕ್ಯಾನಿನ ನೀರು ತುಂಬುತ್ತಾರೆ, ಅದನ್ನೂ ಅವನೇ ಕಟ್ಟಿಸಿಕೊಟ್ಟ, ಹೊಳೆ ಗಲೀಜಾಗಿದೆಯಲ್ಲ ಅತ್ತೆ, ಜನಕ್ಕೆ ತೊಂದ್ರೆ ಆಗಬಾರ್ದು ಅಂತ — ಕೇಳಿ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯದೆ ಎದ್ದು ಬಂದಿದ್ದಳು. ಕೊನೆಯ ಕೀರ್ತನೆ ಶುರುವಾಯಿತು, ಎಲ್ಲರೂ ಎದ್ದರು.

ಎದ್ದಳು, ಮಂಡಿ ಲಟಕ್ಕೆಂದಿತು, ಬಿಂದಿಗೆ ಸೊಂಟಕ್ಕೆ ಬಂತು, ಹೆಂಗಸರ ಸಾಲು ತಾನಾಗಿ ದಾರಿ ಬಿಟ್ಟಿತು, ಇಷ್ಟು ಮರ್ಯಾದೆ ಅವಳಿಗೆ ಮದುವೆಯಲ್ಲೂ ಸಿಕ್ಕಿರಲಿಲ್ಲ. ಮೇಜಿನ ಮೇಲೆ ರಾಗಿಯ ಮೊರ ಸರಿಸಿ ಬಿಂದಿಗೆ ಇಟ್ಟಳು, ಪಾಸ್ಟರು ಹಾಡುತ್ತಲೇ ಬಾಗಿ, ಅಮ್ಮಾ ಇದೇನು ಅಂದರು, ಪ್ರಥಮ ಫಲ ಅಂದಳು, ಈ ವರ್ಷ ನಮ್ಮೂರ ಹೊಳೆ ಬೆಳೆದಿರೋದು ಇದನ್ನೇ. ಅವರ ಕೈ ಬಿಂದಿಗೆ ಕಡೆ ಚಾಚಿತು, ಅಲ್ಲೇ ನಿಂತಿತು, ಪಾಪ, ಹೊಸಬರಾದರೂ ಕಟ್ಟಳೆ ಗೊತ್ತಿತ್ತು ಅವರಿಗೆ, ಅವಳ ತಾತನ ಕಾಲದ ಕಟ್ಟಳೆ, ಮೇಜಿನ ಮೇಲೆ ಒಮ್ಮೆ ಇಟ್ಟದ್ದು ಕೊಟ್ಟವರ ಮನೆಗೆ ವಾಪಸು ಹೋಗುವ ಹಾಗಿಲ್ಲ, ಹರಾಜಿನಲ್ಲಿ ಯಾರಾದರೂ ಕೊಳ್ಳಬೇಕು, ಕೊಂಡವನು ಮಂಡಿಯೂರಬೇಕು, ಕೊಟ್ಟವರು ತಮ್ಮ ಕೈಯಾರೆ ಅದನ್ನು ಅವನ ತಲೆಯ ಮೇಲಿಡಬೇಕು, ಕುಂಬಳವಾದರೆ ಕುಂಬಳ, ಹುಂಜವಾದರೆ ಹುಂಜ, ಇನ್ನು ಯಾರೂ ಕೇಳದೆ ಉಳಿದದ್ದು ಅವತ್ತಿನ ಪ್ರೀತಿಭೋಜನದ ಅಡುಗೆಗೆ ಹೋಗಬೇಕು, ಇಡೀ ಸಭೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಬೆಳೆ ಬಡವರದಾದರೂ ಬಿಸಾಡುವ ಹಾಗಿರಬಾರದು ಅಂತ ತಾತ ಮಾಡಿದ್ದು, ಯಾರದೋ ಹುಳ ಹಿಡಿದ ಬದನೆಕಾಯಿ ಉಳಿದು ಅವರು ಅಳಬಾರದು ಅಂತ. ತಾತನಿಗೆ ಈ ಬಿಂದಿಗೆ ಗೊತ್ತಿರಲಿಲ್ಲ. ಸುವಾರ್ತಮ್ಮ ವಾಪಸು ಹೋಗಿ ಕೂರಲಿಲ್ಲ, ಮೇಜಿನ ಪಕ್ಕ ನಿಂತಳು.

ಹರಾಜು ಕೂಗುವವನು ಸಣ್ಣತಿಮ್ಮಯ್ಯ, ಯೇಸುವನ್ನು ನಂಬಿದರೂ ಅಜ್ಜ ಇಟ್ಟ ಹೆಸರನ್ನು ಬಿಡಲಿಲ್ಲ, ಗಂಟಲು ಇನ್ನೂ ಗಟ್ಟಿ, ಹುಂಜ ಹೋಯಿತು, ಗೊನೆ ಹೋಯಿತು, ಮಂಗಳಾ ಕುಂಬಳಕ್ಕೆ ಕೂಗಿ ತಲೆ ಬಗ್ಗಿಸಿ ಪಡೆದಳು, ಆಮೇಲೆ ಮುದುಕ ಬಿಂದಿಗೆಯ ಮುಂದೆ ನಿಂತ, ಮೂಗು ಅರಳಿಸಿದ, ಇದೇನವ್ವಾ. ಕೂಗಣ್ಣ ಅಂದಳು. ಅವನು ಅವಳನ್ನು ನೋಡಿದ, ಕೆಮ್ಮಿದ, ಹೊಳೆ ನೀರು, ಒಂದ್ ಬಿಂದಿಗೆ, ಸುವಾರ್ತಮ್ಮನ ಪ್ರಥಮ ಫಲ, ಯಾರ್ ಕೇಳ್ತೀರಿ. ಫ್ಯಾನಿನ ಸದ್ದು. ಯಾರ್ ಕೇಳ್ತೀರ್ರಪ್ಪ. ಹೊರಗೆ ಚಪ್ಪರದ ಕೆಳಗೆ ಅನ್ನದ ಹಂಡೆಗೆ ಬೆಂಕಿ ಹಾಕಿದ್ದರು, ಹೊಗೆ ಕಿಟಕಿಯಿಂದ ಒಳಗೆ ಬಂತು, ಯಾರೋ ಹೆಂಗಸು ಮೆಲ್ಲಗೆ, ಅಯ್ಯೋ, ಯಾರೂ ಕೊಳ್ದಿದ್ರೆ ಅನ್ನಕ್ಕೆ ಹಾಕ್ತಾರಾ ಅಂದಳು, ಅಷ್ಟೆ, ಸಾಲಿನಿಂದ ಸಾಲಿಗೆ ಅದು ಓಡಿತು, ಅನ್ನಕ್ಕೆ ಹಾಕ್ತಾರಂತೆ, ಸಾರಿಗೂನಾ, ಮಕ್ಳು ಉಣ್ತವೆ ಕಣ್ರೀ, ಮತ್ತು ಆಗ — ಯಾರೂ ಹೇಳಲಿಲ್ಲ, ಅವಳಂತೂ ತುಟಿ ಎರಡು ಮಾಡಲಿಲ್ಲ — ಒಂದೊಂದೇ ತಲೆ ತಿರುಗಿತು, ಗಂಡಸರ ಸಾಲು, ಹೆಂಗಸರ ಸಾಲು, ಪಾಸ್ಟರು ಕೂಡ, ಎಲ್ಲರೂ ಒಬ್ಬನನ್ನೇ ನೋಡಿದರು, ಪ್ಲಾಸ್ಟಿಕ್ ಕುರ್ಚಿಯನ್ನು. ಗೊತ್ತಿತ್ತಲ್ಲ ಹಾಗಾದರೆ, ಎಲ್ಲರಿಗೂ ಗೊತ್ತಿತ್ತಲ್ಲ, ಇಷ್ಟು ವರ್ಷ ಆಮೆನ್ ಅಂದುಕೊಂಡು ಯಾರ ನೀರು ಅಂತ ಗೊತ್ತಿದ್ದೇ ಕೂತಿದ್ದಿರಲ್ಲ, ಅವಳ ಎದೆಯಲ್ಲಿ ಏನೋ ಎದ್ದು ನಿಂತಿತು, ಸಿಟ್ಟೋ ಸಂತೋಷವೋ, ಎರಡೂ ಇರಬೇಕು. ರವಿಕಿರಣ್ ನಗುತ್ತಾ ಕೈ ಎತ್ತಿದ, ನಂಗೇ ಬಿಡಿ ದೊಡ್ಡಪ್ಪ, ಎಷ್ಟಾದ್ರೂ ಆಗ್ಲಿ, ಅಂದ, ಮುಗಿಯಿತು ಅನ್ನುವವನ ಹಾಗೆ ಫೋನು ತೆಗೆದ. ಒಂದ್ಸಲ, ಎರಡ್ಸಲ, ಮೂರ್ಸಲ. ಡ್ರೈವರ್ ಬಂದ್ ತಗೊಂಡ್ ಹೋಗ್ತಾನೆ ಅಂದ ರವಿ. ಸಣ್ಣತಿಮ್ಮಯ್ಯ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ, ಡ್ರೈವರ್ ಕೊಂಡ್ನೇನಪ್ಪ, ಕೊಂಡೋನು ನೀನು, ಬಾ, ಮಂಡಿ ಊರು, ಮಂಗಳನೇ ಬಗ್ಗಿಸ್ಲಿಲ್ವಾ ತಲೆ, ನಿಮ್ ಮುತ್ತಾತ ಮಾಡಿರೋ ಕಟ್ಟಳೆ, ನಂದಲ್ಲ. ರವಿಕಿರಣ್ ಎದ್ದು ಬಂದ.

ಬಂದ, ಮಂಡಿಯೂರಿದ, ನೆತ್ತಿಯಲ್ಲಿ ಕೂದಲು ತೆಳ್ಳಗಾಗಿದೆ, ಅವಳಿಗೆ ಗೊತ್ತೇ ಇರಲಿಲ್ಲ, ಎಣ್ಣೆ ಹಚ್ಚಿದ ನೆತ್ತಿ, ಹೇನು ಹೆಕ್ಕಿದ ನೆತ್ತಿ, ಬಿಂದಿಗೆಗೆ ಕೈ ಹಾಕಿದವಳಿಗೆ ಕೇಳುವಷ್ಟೇ ಮೆಲ್ಲಗೆ ಅವನೆಂದ, ಅತ್ತೆ, ಎಲೆ ಭದ್ರವಾಗಿ ಮುಚ್ಚಿ ಇಡು, ಪರಮೇಶನ್ ಕೆಲ್ಸ ನೆನಪಿರ್ಲಿ. ನೆನಪಿದೆ ಕಣಪ್ಪ, ಅಂದಳು, ನೆನಪಿಟ್ಕೊಂಡೇ ತಂದಿರೋದು. ತಟ್ಟೆ ಬಿಟ್ಟು ಎದ್ದ ಮಗ, ಬಾಗಿಲಿಗೆ ಅಡ್ಡ ನಿಂತ ಮಗ, ಇದೂ ನನ್ನದೇ ಕೂಸು ಅದೂ ನನ್ನದೇ ಕೂಸು, ಕರ್ತನೇ, ನೀರು ತುಳುಕದ ಹಾಗೆ ನೋಡಿಕೋ, ಇಲ್ಲ, ತುಳುಕಿದರೂ ತುಳುಕಲಿ. ಎಲೆ ತೆಗೆದು ನೆಲಕ್ಕೆ ಹಾಕಿದಳು. ಬಿಂದಿಗೆ ಎತ್ತಿದಳು, ಭಾರ, ಬಾಯಿಮಟ್ಟದ ನೀರು ಆ ಕಡೆ ವಾಲಿತು, ಈ ಕಡೆ ವಾಲಿತು, ನೆತ್ತಿಯ ಮೇಲೆ ತಳ ಕೂತದ್ದೇ ತುಳುಕಿತು, ಕಪ್ಪು ನೀರು ಕೂದಲಿಂದ ಹಣೆಗೆ, ಹಣೆಯಿಂದ ಮೂಗಿಗೆ, ಬಿಳಿ ಅಂಗಿಯ ಕಾಲರಿಗೆ, ಅವನು ಕಣ್ಣು ಮುಚ್ಚಿದ, ಅದೇ ಹಣೆ, ಅದೇ ಮೂಗು, ಅದೇ ದಾರಿಯಲ್ಲಿ ನೀರು ಇಳಿಯುತ್ತಿದೆ, ಅವಳ ಬಾಯಿಂದ ಮಾತು ತಾನಾಗಿ ಬಂತು, ಜೋರಾಗಿ ಬಂತು, ಸಭೆಗೆಲ್ಲ ಕೇಳಿತು, ಕಾಯಿ ನೀರು ತಾನೇ ರವಿ, ವಿಷ ಅಲ್ಲವಲ್ಲ, ಬಾಯಿ ತೆಗಿಯಪ್ಪ. ತೆಗೆಯುತ್ತಿಲ್ಲ. ಬಾಯಿ ತೆಗಿ ಮಗಾ. ನೀರು ಮೂಗಿನ ತುದಿಯಲ್ಲಿ ನಿಂತು, ತೊಟ್ಟಿಕ್ಕಿ, ತುಟಿಗೆ ಬಂತು, ಹಲ್ಲು ಕಚ್ಚಿ ಬಿಗಿದ ತುಟಿ, ಉಸಿರನ್ನೂ ಒಳಗೆ ಬಿಡದ ತುಟಿ, ಹೆಂಗಸರು ನೋಡುತ್ತಿದ್ದಾರೆ, ಗಂಡಸರು ನೋಡುತ್ತಿದ್ದಾರೆ, ಅವಳು ನೋಡುತ್ತಿದ್ದಾಳೆ, ತೆರೆಯುತ್ತಿಲ್ಲ — ತುಟಿಯ ಸಂದಿಯಲ್ಲಿ ಬಿಳಿ ನೊರೆ — ಬಿಗಿದ ತುಟಿ — ಮುಚ್ಚಿದ ಬಾಯಿ —